ಒಂದು ಕೋಟಿ ಬಹುಮಾನ, ಒಂದು ಕೋಟಿ ದಂಡ

ಪಾಕಿಸ್ತಾನ ಸರ್ಕಾರಕ್ಕೆ ಲೆಕ್ಕವೇ ಬರುವುದಿಲ್ಲ, ಸದಾ ಐಎಂಎಫ್ ಬಾಗಿಲಲ್ಲಿ ಕೈಚಾಚಿ ನಿಂತಿರುತ್ತದೆ ಎಂದು ಆಡಿಕೊಳ್ಳುವವರು ಅದರ 2014ರ ಜಮಾಖರ್ಚನ್ನು ಒಮ್ಮೆ ನೋಡಬೇಕು. ಆ ವರ್ಷದ ಏಪ್ರಿಲ್ 19ರಂದು ಕರಾಚಿ ವಿಮಾನ ನಿಲ್ದಾಣದಿಂದ ಕಚೇರಿಗೆ ಹೊರಟಿದ್ದ ಜಿಯೋ ಟಿವಿಯ ಪತ್ರಕರ್ತ ಹಮೀದ್ ಮೀರ್ ಅವರ ಮೈಗೆ ಆರು ಗುಂಡು ಹೊಕ್ಕವು. ಹೊಡೆದವರ ಸುಳಿವು ಕೊಟ್ಟವರಿಗೆ ಒಂದು ಕೋಟಿ ರೂಪಾಯಿ ಬಹುಮಾನ ಎಂದು ಸರ್ಕಾರ ಸಾರಿತು. ಮೀರ್ ಅವರ ಸೋದರ ಟಿವಿಯಲ್ಲೇ ಐಎಸ್‌ಐ ಮುಖ್ಯಸ್ಥರ ಹೆಸರು ಹೇಳಿಬಿಟ್ಟರು. ಚಾನೆಲ್ಲು ಆ ಜನರಲ್ ಸಾಹೇಬರ ಫೋಟೋವನ್ನು ಗಂಟೆಗಟ್ಟಲೆ ತೋರಿಸಿತು. ಸೇನೆ ಸಾರಾಸಗಟಾಗಿ ಅಲ್ಲಗಳೆಯಿತು. ಜೂನ್ 6ರಂದು ಟಿವಿಗಳ ನಿಯಂತ್ರಣ ಪ್ರಾಧಿಕಾರವಾದ ಪೆಮ್ರಾ, ಜಿಯೋ ನ್ಯೂಸನ್ನು 15 ದಿನ ಬಂದ್ ಮಾಡಿ ದಂಡವನ್ನೂ ಜಡಿಯಿತು. ಎಷ್ಟು? ಒಂದು ಕೋಟಿ. ಸುಳಿವು ಕೊಟ್ಟರೆ ಒಂದು ಕೋಟಿ, ಹೆಸರು ಹೇಳಿದರೆ ಒಂದು ಕೋಟಿ. ಜಮಾ, ಖರ್ಚು ಎರಡೂ ಕಡೆ ಸರಿಸಮ. ಇಷ್ಟು ಅಚ್ಚುಕಟ್ಟಾದ ಬಜೆಟ್ಟನ್ನು ಐಎಂಎಫ್ ಕೂಡ ಕಂಡಿರಲಾರದು.

ದಂಡಕ್ಕೂ ಮೊದಲೇ ಶಿಷ್ಟಾಚಾರಗಳೆಲ್ಲ ಮುಗಿದಿದ್ದವು. ಪ್ರಧಾನಿ ನವಾಜ್ ಷರೀಫ್ ಆಸ್ಪತ್ರೆಗೆ ಬಂದು ಯೋಗಕ್ಷೇಮ ವಿಚಾರಿಸಿದರು. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಆಯೋಗ ಕೂತಿತು. ಕೆಲವೇ ವಾರಗಳಲ್ಲಿ ಮುಗಿಯಬೇಕಿದ್ದ ಅದರ ಕೆಲಸ ವರ್ಷ ದಾಟಿತು. ಕೊನೆಗೂ ಗುಂಡು ಹೊಡೆದವರು ಯಾರೆಂದು ಗೊತ್ತಾಗಲಿಲ್ಲ. ಈ ನಡುವೆ ಮೇ ತಿಂಗಳಲ್ಲಿ ಜಿಯೋ ಒಡೆತನದ ಜಂಗ್ ಸಮೂಹ ಸೇನೆಯ ಕ್ಷಮೆ ಕೇಳಿತು. ಗುಂಡು ತಿಂದವರ ಕಡೆಯವರೇ ಮನಸ್ಸು ನೋಯಿಸಿದ್ದಕ್ಕೆ ಕ್ಷಮೆ ಕೇಳುವ ಇಂಥ ಸಂಸ್ಕಾರ ಬೇರೆಲ್ಲಿ ಸಿಕ್ಕೀತು? ಊರೂರಿನ ಕೇಬಲ್ಲಿನಲ್ಲಿ ಮೊದಲ ಸಾಲಿನ ನಂಬರಿನಲ್ಲಿದ್ದ ಜಿಯೋ ಕಟ್ಟಕಡೆಯ ನಂಬರಿಗೆ ಇಳಿಯಿತು, ಕಂಟೋನ್ಮೆಂಟ್ ಕಡೆ ಅಲ್ಲೂ ಕಾಣದಾಯಿತು. ಯಾರ ಆದೇಶ ಎಂದರೆ ಯಾರದೂ ಅಲ್ಲ. ಕೇಬಲ್ಲಿನವನಿಗೆ ತಾನಾಗಿಯೇ ದೇಶಭಕ್ತಿ ಉಕ್ಕಿತ್ತು.

ಮೀರ್ ಸಾಹೇಬರ ವೃತ್ತಿಜೀವನವನ್ನು ಹೀಗೆ ಬಡ್ತಿಗಳ ಪಟ್ಟಿಯಾಗಿಯೇ ಓದಿಕೊಳ್ಳಬೇಕು. ಲಾಹೋರಿನಲ್ಲಿ ಹುಟ್ಟಿದವರು. ಪತ್ರಿಕೋದ್ಯಮದ ಪ್ರಾಧ್ಯಾಪಕರಾಗಿದ್ದ ತಂದೆ ವಾರಿಸ್ ಮೀರ್, ಜಿಯಾ ಉಲ್ ಹಕ್ ಸರ್ವಾಧಿಕಾರದ ವಿರುದ್ಧ ಬರೆದವರು. ಅಂದರೆ ರೋಗ ವಂಶಪಾರಂಪರ್ಯದ್ದು. 1994ರಲ್ಲಿ ಜಲಾಂತರ್ಗಾಮಿ ಖರೀದಿಯ ಹಗರಣ ಬರೆದ ಮಗ ಕೆಲಸ ಕಳೆದುಕೊಂಡರು. ಅದು ಮೊದಲ ಬಡ್ತಿ. 1997, 1998 ಮತ್ತು 2001ರಲ್ಲಿ, ಒಟ್ಟು ಮೂರು ಸಲ, ಒಸಾಮಾ ಬಿನ್ ಲಾಡೆನ್‌ನ ಸಂದರ್ಶನ ಮಾಡಿದರು. ಮೂರನೆಯದಂತೂ ಅಮೆರಿಕದ ಬಾಂಬುಗಳು ಅಫ್ಘಾನಿಸ್ತಾನದ ಮೇಲೆ ಬೀಳುತ್ತಿದ್ದ ನವೆಂಬರಿನಲ್ಲಿ. ಅಲ್ಲಿಂದ ಕೂದಲೂ ಕೊಂಕದೆ ಬಂದವರಿಗೆ ತಮ್ಮದೇ ದೇಶದ ಅತಿದೊಡ್ಡ ನಗರದ ಅತಿಮುಖ್ಯ ರಸ್ತೆ ಮುಳುವಾಯಿತು.

ಕಾರಣ ಹುಡುಕಲು ಗುಹೆಗೆ ಹೋಗಬೇಕಾಗಿಲ್ಲ. ಬಿನ್ ಲಾಡೆನ್ ಸಿಗದಿದ್ದದ್ದು ಜಗತ್ತಿನ ತಲೆನೋವು. ಬಲೂಚಿಸ್ತಾನದಲ್ಲಿ ಕಾಣೆಯಾದವರು ಸಿಗದಿರುವುದು ಸ್ಥಳೀಯ ವ್ಯವಸ್ಥೆ. 2013ರ ಅಕ್ಟೋಬರಿನಲ್ಲಿ ಮಾಮಾ ಕದೀರ್ ಎಂಬ ವೃದ್ಧರು, ಮಗನ ಶವ ಸಿಕ್ಕ ಎರಡು ವರ್ಷಕ್ಕೆ, ಕಾಣೆಯಾದ ಇತರರ ಮನೆಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಕ್ವೆಟ್ಟಾದಿಂದ ನಡೆಯತೊಡಗಿದರು. ಕರಾಚಿಗೆ ಬಂದರು, ಅಲ್ಲಿಂದ ಇಸ್ಲಾಮಾಬಾದಿಗೆ. ಒಟ್ಟು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು, ಕಾಲ್ನಡಿಗೆಯಲ್ಲಿ, ಕೈಯಲ್ಲಿ ಕಾಣೆಯಾದವರ ಫೋಟೋ. ಹೆಚ್ಚಿನ ಚಾನೆಲ್‌ಗಳ ಕ್ಯಾಮೆರಾಗಳಿಗೆ ಆ ದಾರಿಯೇ ಕಾಣಲಿಲ್ಲ. ಮೀರ್ ಮಾತ್ರ ಅವರನ್ನು ಕರೆದು ಕ್ಯಾಮೆರಾದ ಮುಂದೆ ಕೂರಿಸಿದರು. ತಮ್ಮ ಮೇಲೆ ಗುಪ್ತಚರರಿಗೆ ಸಿಟ್ಟು ಬಂದದ್ದು ಈ ಕಾರಣಕ್ಕೂ ಎಂದು ಗುಂಡೇಟಿನ ನಂತರ ಅವರೇ ಹೇಳಿದರು. ಭಯೋತ್ಪಾದಕನ ಜತೆ ಮಾತಾಡಿದರೆ ಸ್ಕೂಪು, ಮಗನನ್ನು ಕಳೆದುಕೊಂಡ ಮುದುಕನ ಜತೆ ಮಾತಾಡಿದರೆ ದೇಶದ್ರೋಹ. ಇನ್ನು ತಾಲಿಬಾನಿಗಳೇನೂ ಅವರನ್ನು ತಮ್ಮವನೆಂದು ಬಿಟ್ಟವರಲ್ಲ. ಮಲಾಲಾ ಪರ ಮಾತಾಡಿದ ಕೆಲವೇ ವಾರಕ್ಕೆ, 2012ರ ನವೆಂಬರಿನಲ್ಲಿ, ಅವರ ಕಾರಿನಡಿ ಬಾಂಬ್ ಸಿಕ್ಕಿತ್ತು. ಉಗ್ರರಿಗೂ ಬೇಡ, ಸೈನ್ಯಕ್ಕೂ ಬೇಡ. ಇದಕ್ಕಿಂತ ಒಳ್ಳೆಯ ಶಿಫಾರಸು ಪತ್ರ ಪತ್ರಕರ್ತನಿಗೆ ಯಾವ ವಿಶ್ವವಿದ್ಯಾಲಯವೂ ಕೊಡಲಾರದು.

ಈ ವೃತ್ತಿಜೀವನದಲ್ಲಿ ನಿಜಕ್ಕೂ ನಗು ತರಿಸುವ ಪಾತ್ರ ಇರುವುದು ರಾಜಕಾರಣಿಗಳಿಗೆ. 2002ರಲ್ಲಿ ಖಾಸಗಿ ಚಾನೆಲ್‌ಗಳಿಗೆ ಬಾಗಿಲು ತೆರೆದವರು ಜನರಲ್ ಮುಷರಫ್. ಐದು ವರ್ಷ ಅವನ್ನು ನೋಡಿ ಬೇಸತ್ತು 2007ರ ನವೆಂಬರಿನಲ್ಲಿ ತುರ್ತುಪರಿಸ್ಥಿತಿ ಹೇರಿ ಬಾಗಿಲು ಮುಚ್ಚಿದವರೂ ಅವರೇ. ಮೀರ್ ತಮ್ಮ 'ಕ್ಯಾಪಿಟಲ್ ಟಾಕ್' ಕಾರ್ಯಕ್ರಮವನ್ನು ಎತ್ತಿಕೊಂಡು ಹೋಗಿ ಬೀದಿಯಲ್ಲಿ ನಡೆಸಿದರು. ಆಗ ವಿರೋಧ ಪಕ್ಷದವರಿಗೆಲ್ಲ ಮಾಧ್ಯಮ ಸ್ವಾತಂತ್ರ್ಯವೆಂದರೆ ಪಂಚಪ್ರಾಣ. ಅಧಿಕಾರಕ್ಕೆ ಬಂದೊಡನೆ ಆ ಐದರಲ್ಲಿ ಒಂದೊಂದೇ ಪ್ರಾಣ ಹಾರಿಹೋಯಿತು. 2014ರ ದಂಡ ಬಿದ್ದದ್ದು ನವಾಜ್ ಷರೀಫ್ ಕಾಲದಲ್ಲಿ.

2021ರ ಮೇ 28ರಂದು, ಮನೆಗೇ ನುಗ್ಗಿದವರಿಂದ ಪೆಟ್ಟು ತಿಂದ ಅಸದ್ ಅಲಿ ತೂರ್ ಎಂಬ ಪತ್ರಕರ್ತನ ಪರವಾಗಿ ಇಸ್ಲಾಮಾಬಾದಿನ ಪ್ರೆಸ್ ಕ್ಲಬ್ ಎದುರು ಮೀರ್ ಮಾತಾಡಿದರು. ನಮ್ಮ ಮನೆಯೊಳಗೆ ನುಗ್ಗಿದರೆ ನಿಮ್ಮ ಮನೆಯೊಳಗಿನ ಕತೆ ನಾವು ಹೇಳುತ್ತೇವೆ ಎಂಬುದು ಅದರ ಸಾರ. ನಾಲ್ಕು ದಿನ ಕಳೆಯುವುದರೊಳಗೆ ಕಾರ್ಯಕ್ರಮದಿಂದ ಅವರೇ ಮಾಯ. ಆಮೇಲೆ ಮೀರ್ ಕೂಡ ತಮ್ಮ ಮಾತಿಗೆ ವಿಷಾದ ಸೂಚಿಸಬೇಕಾಯಿತು. ಪ್ರಧಾನಿ ಇಮ್ರಾನ್ ಖಾನ್ ಸರ್ಕಾರಕ್ಕೂ ಇದಕ್ಕೂ ಸಂಬಂಧವಿಲ್ಲವಂತೆ, ಎಲ್ಲ ಚಾನೆಲ್ಲಿನ ಒಳವಿಚಾರವಂತೆ. ಮೀರ್ ಮತ್ತೆ ಪರದೆಗೆ ಬಂದದ್ದು 2022ರ ಮಾರ್ಚ್‌ನಲ್ಲಿ. ಏಪ್ರಿಲ್‌ನಲ್ಲಿ ಇಮ್ರಾನ್ ಕುರ್ಚಿ ಹೋಯಿತು. ಮರುವರ್ಷ ಅದೇ ಪೆಮ್ರಾ ಇಮ್ರಾನ್ ಭಾಷಣವನ್ನೇ ಟಿವಿಯಲ್ಲಿ ತೋರಿಸಕೂಡದೆಂದಿತು. ಆಗ ಖಾನ್ ಸಾಹೇಬರಿಗೂ ಮಾಧ್ಯಮ ಸ್ವಾತಂತ್ರ್ಯದ ಮಹತ್ವ ಹೊಳೆಯಿತು. ಪಾಕಿಸ್ತಾನದಲ್ಲಿ ಈ ಜ್ಞಾನೋದಯಕ್ಕೆ ಬೋಧಿವೃಕ್ಷ ಬೇಡ, ವಿರೋಧ ಪಕ್ಷದ ಬೆಂಚು ಸಾಕು.

ಇಷ್ಟು ಓದಿ 'ನೋಡಿದಿರಾ ಪಾಕಿಸ್ತಾನದ ಹಣೆಬರಹ' ಎಂದು ಕಾಲಮೇಲೆ ಕಾಲು ಹಾಕಿ ಕೂರುವ ಮೊದಲು ಸ್ಕೋರ್ ಬೋರ್ಡ್ ನೋಡಿಬಿಡೋಣ. ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ 180 ದೇಶಗಳ ಪತ್ರಿಕಾ ಸ್ವಾತಂತ್ರ್ಯವನ್ನು ಅಳೆದು ಪಟ್ಟಿ ಮಾಡುತ್ತದೆ. 2022ರಲ್ಲಿ ನಾವು 150, ಅವರು 157. 2023ರಲ್ಲಿ ನಾವು 161, ಅವರು 150. 2024ರಲ್ಲಿ ನಾವು 159, ಅವರು 152. 2025ರಲ್ಲಿ ನಾವು 151, ಅವರು 158. ಏಷ್ಯಾ ಕಪ್ಪಿನಲ್ಲೂ ಕಾಣದ ಜಿದ್ದಾಜಿದ್ದಿ. ಅಲ್ಲಿ ಕೇಬಲ್ಲಿನವನಿಗೆ ದೇಶಭಕ್ತಿ ಉಕ್ಕಿದರೆ ನಮ್ಮಲ್ಲಿ ಅದು ಮುಚ್ಚಿದ ಲಕೋಟೆಯಲ್ಲಿ ಬರುತ್ತದೆ. 2022ರ ಜನವರಿಯಲ್ಲಿ ಕೇರಳದ ಮೀಡಿಯಾ ಒನ್ ಚಾನೆಲ್ಲನ್ನು ಭದ್ರತೆಯ ನೆಪ ಹೇಳಿ ಬಂದ್ ಮಾಡಿದ ಕೇಂದ್ರ, ಕಾರಣವನ್ನು ಲಕೋಟೆಯಲ್ಲಿಟ್ಟು ನ್ಯಾಯಾಲಯಕ್ಕೆ ಮಾತ್ರ ತೋರಿಸಿತು. ಮುಚ್ಚಿದ್ದು ಯಾಕೆಂದು ಮುಚ್ಚಿಸಿಕೊಂಡವರಿಗೇ ಗೊತ್ತಿರಲಿಲ್ಲ. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ಕಿತ್ತುಹಾಕಬೇಕಾಯಿತು.

ಪರದೆಯಿಂದ ಎಂದೂ ಇಳಿಯಬಾರದೆಂಬ ಆಸೆಯಿರುವ ತರುಣರು ನಿರಾಶರಾಗಬೇಕಿಲ್ಲ, ಅದಕ್ಕೂ ದಾರಿಯಿದೆ. 2025ರ ಮೇ ತಿಂಗಳಲ್ಲಿ, ಎರಡೂ ದೇಶಗಳ ಸೇನೆ ಗುಂಡು ಹಾರಿಸುತ್ತಿದ್ದ ಒಂದು ರಾತ್ರಿ, ನಮ್ಮ ಕೆಲವು ಚಾನೆಲ್‌ಗಳು ಸೈರನ್ ಹಾಕಿಕೊಂಡು ಸ್ಟುಡಿಯೋದಿಂದಲೇ ಕರಾಚಿ ಬಂದರನ್ನು ಉಡಾಯಿಸಿದವು. ಇನ್ನು ಕೆಲವು ಇಸ್ಲಾಮಾಬಾದನ್ನೇ ವಶಪಡಿಸಿಕೊಂಡವು. ಎರಡೂ ಊರು ಮರುದಿನ ಇದ್ದಲ್ಲೇ ಇದ್ದವು. ಒಂದೆರಡು ಕಡೆ ಕ್ಷಮೆಯ ಮಾತು ಬಂತು, ಉಳಿದವರಿಗೆ ಅಷ್ಟು ಬಿಡುವಿರಲಿಲ್ಲ. ಬೆಳಗಾಗುತ್ತಲೇ ರಾಶಿಫಲ ಶುರುವಾಗಬೇಕಿತ್ತಲ್ಲ. ಮಧ್ಯರಾತ್ರಿ ನೋಡಿದ್ದನ್ನು ನಂಬಿದ್ದ ನಾವು, ಆ ಫಲವನ್ನೂ ನಂಬಿ ಕೆಲಸಕ್ಕೆ ಹೊರಟೆವು.