ಯುದ್ಧ ಆಗದ ತಪ್ಪಿಗೆ

ಶಿರಸಿಯಲ್ಲಿ ರಾತ್ರಿ ಆಂಬುಲೆನ್ಸ್ ಕೂಗಿದರೆ ‘ಯಾರಿಗೆ ಏನಾಯ್ತು’ ಎಂದು ಯಾರೂ ಕೇಳುವುದಿಲ್ಲ. ಯಾವ ಕಡೆ ತಿರುಗಿತು ಎಂದು ನೋಡುತ್ತಾರೆ. ಮುಂಡಗೋಡ ರಸ್ತೆ ಹಿಡಿದರೆ ಹುಬ್ಬಳ್ಳಿ, ಅಂದರೆ ಎದೆನೋವು. ಘಟ್ಟ ಇಳಿದರೆ ಮಣಿಪಾಲ, ತಲೆಗೇ ಪೆಟ್ಟು. ಸಿದ್ದಾಪುರದವರ ಗಾಡಿ ಶಿವಮೊಗ್ಗದ ದಿಕ್ಕಿಗೆ, ಯಲ್ಲಾಪುರದವರದು ಕಲಘಟಗಿ ಮೇಲಾಸಿ. ಸ್ಕ್ಯಾನಿಂಗ್ ಇಲ್ಲದೆ ರೋಗ ಹೇಳುವ ಈ ವಿದ್ಯೆ ನಮ್ಮ ಮೂರೂ ತಾಲ್ಲೂಕುಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು.

ಮೊನ್ನೆ ಭಾವ ಕವಳ ಹಾಕುತ್ತ ರುವಾಂಡಾದ ಕಥೆ ತೆಗೆದ. 1994ರಲ್ಲಿ ಅಂತರ್ಯುದ್ಧ, ನರಮೇಧ. ಡಾಕ್ಟರುಗಳು ಸತ್ತರು, ಉಳಿದವರಲ್ಲಿ ಹಲವರು ದೇಶ ಬಿಟ್ಟರು. ಆಮೇಲೆ ಅಲ್ಲಿ ಊರೂರಿಗೆ ಆರೋಗ್ಯ ಕಾರ್ಯಕರ್ತರು ಬಂದರು, ಹೆಚ್ಚುಕಡಿಮೆ ಎಲ್ಲರಿಗೂ ವಿಮೆ ಬಂತು, 2016ರಿಂದ ಗುಡ್ಡದ ಆಸ್ಪತ್ರೆಗಳಿಗೆ ಡ್ರೋನಿನಲ್ಲಿ ರಕ್ತ ಬರುತ್ತಿದೆ. ಡ್ರೋನ್ ನಮ್ಮಲ್ಲೂ ಇದೆ. ಮದುವೆ ಮನೆಯ ಅಂಗಳದಲ್ಲಿ ಹೋಳಿಗೆ ಬಡಿಸುವುದನ್ನು ಮೇಲಿಂದ ಹಿಡಿಯುತ್ತದೆ.

‘ತಪ್ಪು ನಮ್ದೇಯ. ಒಂದು ಯುದ್ಧ ಆಜಿಲ್ಲೆ,’ ಎಂದ ಭಾವ. ‘ಬಿದ್ದ ಗೋಡೆ ಕಟ್ಲಕ್ಕು. ಇಲ್ದಿದ್ದ ಗೋಡೆ ಪುನರ್ನಿರ್ಮಾಣ ಹ್ಯಾಂಗೆ ಮಾರಾಯಾ?’

ಏನೂ ಕಟ್ಟಲಿಲ್ಲ ಎನ್ನುವುದು ಅನ್ಯಾಯ. ಕಾರವಾರದಲ್ಲಿ 2016ರಲ್ಲಿ ಮೆಡಿಕಲ್ ಕಾಲೇಜು ಶುರುವಾಯಿತು. ಶಿರಸಿಯ ಹೃದಯಕ್ಕೆ ಅದು ಹುಬ್ಬಳ್ಳಿಗಿಂತ ದೂರ, ಮಧ್ಯೆ ಘಟ್ಟ ಬೇರೆ. ಮಳೆಗಾಲದಲ್ಲಿ ಎದೆನೋವು ಬರುವವರು ಮೊದಲು ಧರೆ ಕುಸಿದಿದೆಯೋ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಆಸ್ಪತ್ರೆ ಇಲ್ಲದಿದ್ದರೆ ವೋಟೂ ಇಲ್ಲ ಎಂದು ನಮ್ಮ ಜಿಲ್ಲೆ ಗುಡುಗಿತು. 1930ರ ದಶಕದಲ್ಲಿ ಬ್ರಿಟಿಷರಿಗೆ ಕರ ಕೊಡದೆ ಮನೆ ಜಮೀನು ಜಪ್ತಿ ಮಾಡಿಸಿಕೊಂಡವರ ಮೊಮ್ಮಕ್ಕಳಲ್ಲವೇ! ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಭರವಸೆ ಬಂತು. 2023ರ ಮೇ ತಿಂಗಳಲ್ಲಿ ಮೊಮ್ಮಕ್ಕಳು ಸಾಲಿನಲ್ಲಿ ನಿಂತು ಬೆರಳಿಗೆ ಶಾಯಿ ಹಚ್ಚಿಸಿಕೊಂಡರು.

ಯುದ್ಧವೇ ಆಗಿಲ್ಲ ಎಂಬ ಭಾವನ ಮಾತನ್ನು ಸಿದ್ದಾಪುರದವರು ಒಪ್ಪಲಿಕ್ಕಿಲ್ಲ. ಅವರದು ಉಣುಗಿನ ಜೊತೆ. ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗೊತ್ತಾದ, ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ 2024ರಲ್ಲೂ ಸಿದ್ದಾಪುರದಲ್ಲಿ ಜೀವ ತೆಗೆಯಿತು. ಇದ್ದೊಂದು ಲಸಿಕೆಯೂ ಕೆಲಸಕ್ಕೆ ಬರುವುದಿಲ್ಲವೆಂದು 2022ರ ಹೊತ್ತಿಗೆ ನಿಂತಿತ್ತು. ಕೊಟ್ಟಿಗೆಗೆ ದರಕು ತರಲು ಬೆಟ್ಟಕ್ಕೆ ಹೋಗುವವರಿಗೆ ಈಗಿರುವ ರಕ್ಷಾಕವಚ ಮೈಗೆ ಹಚ್ಚಿಕೊಳ್ಳುವ ಎಣ್ಣೆ. ಶತ್ರು ಮಾತ್ರ ಪ್ರತಿ ವರ್ಷ ಸರಿಯಾದ ಹೊತ್ತಿಗೆ ಹಾಜರು; ತಾಲ್ಲೂಕಿನಲ್ಲಿ ಅಷ್ಟು ನಿಯಮಿತವಾಗಿ ಬರುವ ಬೇರೆ ಯಾರೂ ನೆನಪಾಗುತ್ತಿಲ್ಲ.

ಅಕ್ಕನ ಮನೆಯ ಬಾಗಿಲ ಹಿಂದೆ ಒಂದು ಚೀಲ ತೂಗುತ್ತದೆ. ಮನೆಯಲ್ಲಿ ಅದರ ಹೆಸರು ‘ಹುಬ್ಬಳ್ಳಿ ಚೀಲ’. ಫ್ಲಾಸ್ಕು, ಚಾದರ, ಭಾವನ ಹಳೇ ಇಸಿಜಿ, ರೇಷನ್ ಕಾರ್ಡಿನ ಜೆರಾಕ್ಸು, ತಿರುವಿನಲ್ಲಿ ವಾಂತಿ ಬಂದರೆ ಇರಲಿ ಎಂದು ನಾಲ್ಕು ಪ್ಲಾಸ್ಟಿಕ್ ಕೊಟ್ಟೆ, ಒಂದು ಬಿಸ್ಕತ್ತಿನ ಪೊಟ್ಟಣ. ‘ಈ ಸಲ ಆಸ್ಪತ್ರೆ ಆಗೇ ಆಗ್ತಡ,’ ಎಂದು ಭಾವ ಪೇಪರ್ ಮಡಿಸಿದ.

ಅಕ್ಕ ಮಾತಾಡಲಿಲ್ಲ. ಹಳತಾದ ಬಿಸ್ಕತ್ತು ತೆಗೆದು ಹೊಸ ಪೊಟ್ಟಣ ಇಟ್ಟಳು.