ಉಸಿರಾಡುವ ಪ್ಯಾಂಟು, ಉಸಿರು ಕಟ್ಟಿದ ಅಳಿಯ

ಆಸೆಪಟ್ಟು ಕೊಂಡು ತಂದದ್ದು, ಮನೆಯವರು ಇವತ್ತಿಗೂ ಕ್ಷಮಿಸದೆ ಇರೋದು. ಇಂಥ ಒಂದು ವಸ್ತು ನಿಮ್ಮ ಮನೆಯಲ್ಲೂ ಇದ್ದೇ ಇರುತ್ತೆ. ನನ್ನದು ವೇಡರ್. ಹೊಳೆಯಲ್ಲಿ ಸೊಂಟಮಟ್ಟ ಇಳಿದು ಗಾಳ ಹಾಕುವವರು ತೊಡುವ, ಕಾಲುಚೀಲದಿಂದ ಎದೆಯವರೆಗೆ ಒಂದೇ ತುಂಡಾದ ಪ್ಯಾಂಟು. ಅರಸೀಕೆರೆ ಕಡೆಯವನಾದ ನನಗೆ ನೀರು ಅಂದರೆ ನಲ್ಲಿಯಲ್ಲಿ ಬರೋದು. ಸಿಯಾಟಲ್‌ಗೆ ಬಂದ ಮೇಲೆ ಶೋಕಿ ಹತ್ತಿತು.

ತೊಟ್ಟು ಕನ್ನಡಿ ಮುಂದೆ ನಿಂತೆ. ನನ್ನ ಕಣ್ಣಿಗೆ ನಾನು ಗಗನಯಾತ್ರಿ. ಹೆಂಡತಿ ಮೇಲಿಂದ ಕೆಳಗೆ ನೋಡಿ, "ರೀ, ಎಲ್ಲಾದರೂ ಮೋರಿ ಕಟ್ಟಿಕೊಂಡಿದೆಯಾ?" ಅಂದಳು.

"ಇದು ಮಾಮೂಲಿ ರಬ್ಬರ್ ಅಲ್ಲ ಕಣೇ, ಉಸಿರಾಡುತ್ತೆ!" ಎಂದು ಪಾಠ ಶುರು ಮಾಡಿದೆ. ಒಳಗಿನ ಪೊರೆಯ ತೂತು ನೀರಿನ ಹನಿಗಿಂತ 20,000 ಪಟ್ಟು ಚಿಕ್ಕದಂತೆ, ಆವಿಯ ಕಣಕ್ಕಿಂತ 700 ಪಟ್ಟು ದೊಡ್ಡದಂತೆ. ಬೆವರಿನ ಆವಿ ಹೊರಗೆ ಹೋಗುತ್ತೆ, ನೀರು ಒಳಗೆ ಬರಲ್ಲ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಒಂದು ಪ್ಲಾಸ್ಟಿಕ್ ಕಡ್ಡಿಯನ್ನು ಕಾಯಿಸಿ ಮೆಲ್ಲಗೆ ಎಳೆದೂ ಎಳೆದೂ ಸಾಕಾಗಿ, ರೇಗಿ ಒಮ್ಮೆಲೇ ಜಗ್ಗಿದಾಗ ಅದು ತುಂಡಾಗದೆ ಸುಮಾರು ಹತ್ತು ಪಟ್ಟು ಹಿಗ್ಗಿತು. ಇಂಥ ಪೊರೆ ಹುಟ್ಟಿದ್ದೇ ಹಾಗೆ. ಸಿಟ್ಟಿನಿಂದ ಜಗ್ಗಿದರೆ ಸಂಶೋಧನೆ ಆಗುವುದಾದರೆ ನಮ್ಮ ಮನೆಯಿಂದ ದಿನಕ್ಕೆ ನಾಲ್ಕಾದರೂ ಹೊರಬೀಳಬೇಕಿತ್ತು.

ಮೊದಲ ಸಲ ಯಾಕಿಮಾ ನದಿಗೆ ಹೋಗಿ ಬಂದವನು ಒದ್ದೆ ವೇಡರನ್ನು ಮುದ್ದೆ ಮಾಡಿ ಕಾರಿನ ಡಿಕ್ಕಿಗೆ ತುರುಕಿದೆ. ಮರೆತೆ. ವಾರ ಕಳೆದು ಡಿಕ್ಕಿ ತೆಗೆದಾಗ ಕುಂದಾಪುರದಿಂದ ಬಂದಿದ್ದ ಅತ್ತೆ ಪಕ್ಕದಲ್ಲೇ ನಿಂತಿದ್ದರು. ತಿಂಗಳಿಂದ ಬಾಡಿದ್ದ ಮುಖ ಅರಳಿತು. "ಒಣಮೀನು ತಂದದ್ದಾ ಅಳಿಯಂದ್ರೇ?"

ನಾನು ಪ್ಯಾಂಟನ್ನು ಎತ್ತಿ ತೋರಿಸಿದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ಬೆನ್ನ ಮೇಲಿದೆ. ಅದರ ಮೇಲೆ, ಅಲ್ಲಿ ಹಿಡಿದ ಟ್ರೌಟ್ ಮೀನನ್ನು ವಾಪಸ್ ಹೊಳೆಗೇ ಬಿಡಬೇಕು, ಕಾನೂನು ಎಂದು ಹೇಳಿ ಉರಿಯುವ ಒಲೆಗೆ ತುಪ್ಪ ಸುರಿದೆ.

"ಬಿಡುದಾದ್ರೆ ಹಿಡಿಯುದು ಎಂತಕ್ಕೆ ಮಾರಾಯ್ರೇ?"

ಬೆವರಿನ ಉಪ್ಪು, ಮೈಯೆಣ್ಣೆ, ಕೆಸರು ಕೂತರೆ ಪೊರೆಯ ಉಸಿರು ಕಟ್ಟುತ್ತೆ. ಆದ್ದರಿಂದ ಸ್ನಾನದ ತೊಟ್ಟಿಯಲ್ಲಿ ತಣ್ಣೀರು ತುಂಬಿ, ಸ್ವಲ್ಪವೇ ಸೋಪು ಹಾಕಿ, ಕೈಯಲ್ಲಿ ಉಜ್ಜಿದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಒಣಮೀನಿನ ಅವಮಾನ ಮರೆಯಲು, ಬಟ್ಟೆ ಮೆತ್ತಗೂ ಘಮಘಮವೂ ಆಗಲೆಂದು ಎರಡು ಮುಚ್ಚಳ ಸಾಫ್ಟ್‌ನರ್ ಸುರಿದೆ. ಸುರಿದ ಮೇಲೆ ವೇಡರಿನ ಒಳಗೆ ಹೊಲಿದಿದ್ದ ಸೂಚನೆಯ ಪಟ್ಟಿ ಓದಿದೆ. 'ಸಾಫ್ಟ್‌ನರ್ ಕೂಡದು.' ಕೆಸುವಿನೆಲೆಯ ಮೇಲಿನಂತೆ ಹನಿ ಜಾರುತ್ತಿದ್ದ ಬಟ್ಟೆ ಈಗ ಗೋಣಿಚೀಲದಂತೆ ನೀರು ಕುಡಿಯತೊಡಗಿತು. ಹೊರಗೆ ನೆನೆದರೆ ಬೆವರಿಗೆ ದಾರಿಯಿಲ್ಲ. ಮತ್ತೆ ಮೂರು ಸಲ ಜಾಲಾಡಿ, ನೀರು ಜಾರಿಸುವ ಸ್ಪ್ರೇ ಬೇರೆ ಹೊಡೆಯಬೇಕಾಯಿತು.

ರಾತ್ರಿ ಅದನ್ನು ಬಚ್ಚಲಲ್ಲಿ ನೇತುಹಾಕಿದೆ. ಕತ್ತಲಲ್ಲಿ ಬಂದ ಅತ್ತೆ, ನಾನೇ ಪರದೆಯ ಹಿಂದೆ ನಿಂತಿದ್ದೇನೆಂದುಕೊಂಡು, ಬಾಗಿಲಾಚೆಯಿಂದಲೇ ಮೀನು ಬಿಡುವ ವಿಷಯವಾಗಿ ಹತ್ತು ನಿಮಿಷ ಬುದ್ಧಿ ಹೇಳಿದರಂತೆ. ಬೆಳಿಗ್ಗೆ ಮಗಳ ಹತ್ತಿರ, "ನಿನ್ನೆ ಅಳಿಯಂದ್ರು ಒಂದೂ ಎದುರು ಮಾತಾಡ್ಲಿಲ್ಲ, ಪಾಪ" ಎಂದು ಹೊಗಳಿದರು. ಈ ಮನೆಯಲ್ಲಿ ನನಗೆ ಸಿಕ್ಕ ಏಕೈಕ ಪ್ರಶಸ್ತಿ ಅದು. ಅದೂ ಪ್ಯಾಂಟಿನ ಪಾಲಾಯಿತು.

ಮುಂದಿನ ಸಲ ಹೊಳೆಗಿಳಿದಾಗ ಹಿಂಭಾಗಕ್ಕೆ ತಣ್ಣಗೆ ಏನೋ ಹರಿಯಿತು. ಸೋರಿಕೆ! ಮನೆಗೆ ತಂದು, ಒಳಮೈ ಹೊರಗೆ ತಿರುಗಿಸಿ, ಸ್ಪಿರಿಟ್ ಸಿಂಪಡಿಸಿದೆ. ತೂತಿದ್ದಲ್ಲಿ ಕಪ್ಪು ಚುಕ್ಕೆ ಮೂಡುತ್ತೆ. ಹೆಂಡತಿ ಪೆನ್ನು ಹಿಡಿದು ಒಂದೊಂದಕ್ಕೂ ಸುತ್ತು ಹಾಕುತ್ತಾ ಎಣಿಸಿದಳು. ಏಳು, ಎಲ್ಲವೂ ಕೂರುವ ಜಾಗದಲ್ಲೇ. ಗಾಳವನ್ನು ಹಿಂದಕ್ಕೆ ಬೀಸುವಾಗ ನಾನೇ ಚುಚ್ಚಿಕೊಂಡದ್ದು. ಯಾಕಿಮಾದಲ್ಲಿ ನನ್ನ ಗಾಳಕ್ಕೆ ಬಿದ್ದ ಅತಿ ದೊಡ್ಡ ಪ್ರಾಣಿ ನಾನೇ. "ಕಾನೂನು ಪ್ರಕಾರ ನಿಮ್ಮನ್ನೂ ಅಲ್ಲೇ ಬಿಟ್ಟು ಬರಬೇಕಿತ್ತು" ಅಂದಳು ಹೆಂಡತಿ. ಅಷ್ಟರಲ್ಲಿ ಸ್ಪಿರಿಟ್ ವಾಸನೆಗೆ ಇಣುಕಿದ ಅತ್ತೆ, ಅಳಿಯ ಹಗಲಲ್ಲೇ ಶುರು ಮಾಡಿದ್ದಾನೆಂದು ತಿಳಿದು ದೇವರ ಕೋಣೆಗೆ ನಡೆದರು.

ತೂತುಗಳಿಗೆ ಅಂಟು ಹಚ್ಚಿ ರಾತ್ರಿಯಿಡೀ ಒಣಗಿಸಿದೆ. ಮಡಚಿದರೆ ಸುಕ್ಕಿದ್ದಲ್ಲಿ ಪೊರೆ ಸವೆಯುತ್ತೆಂದು ಈಗ ಅದು ಬೀರುವಿನಲ್ಲಿ ಆರಾಮಾಗಿ ತೂಗುತ್ತಿದೆ. ನನ್ನ ಅಂಗಿಗಳು ಮಂಚದ ಕೆಳಗಿನ ಸೂಟ್‌ಕೇಸಿಗೆ ವರ್ಗವಾಗಿವೆ.

ಮೊನ್ನೆ ಭಾನುವಾರ ಮತ್ತೆ ಹೋದೆ. ಸಂಜೆಯವರೆಗೆ ನಿಂತೆ. ನೀರೂ ಒಳಗೆ ಬರಲಿಲ್ಲ, ಮೀನೂ ಹೊರಗೆ ಬರಲಿಲ್ಲ.

ಮನೆ ಬಾಗಿಲಲ್ಲಿ ಅತ್ತೆ ಕೈ ಚಾಚಿ ನಿಂತಿದ್ದರು. "ಅದನ್ನು ಇಲ್ಲಿ ಕೊಡಿ, ನಾನೇ ತೊಳೆದು ಹಾಕ್ತೇನೆ. ಸಾಧು ಪ್ರಾಣಿ. ನೀವು ಕೆಸರು ಕಾಲಲ್ಲಿ ಒಳಗೆ ಬರ್ಬೇಡಿ."