ನಲವತ್ತೆರಡು ಲೀಟರ್ ಸಂಸ್ಕೃತಿ

2016ರ ಕೊನೆಗೆ ಅಡಿಸ್ ಅಬಾಬಾದಲ್ಲಿ ಸೇರಿದ್ದ ಯುನೆಸ್ಕೋ ಸಮಿತಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ನಮ್ಮ ಯೋಗವನ್ನು ಸೇರಿಸಿತು. ನಾವೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದೆವು. ಅದೇ ಸಭೆಯಲ್ಲಿ, ಅದೇ ಪಟ್ಟಿಗೆ, ಬೆಲ್ಜಿಯಂನ ಬಿಯರ್ ಸಂಸ್ಕೃತಿಯೂ ಸೇರಿತು ಎಂಬುದನ್ನು ಮಾತ್ರ ಯಾರೂ ಜೋರಾಗಿ ಹೇಳಲಿಲ್ಲ. ಒಬ್ಬ ಮೂಗು ಹಿಡಿದು ಉಸಿರೆಳೆಯುತ್ತಾನೆ, ಇನ್ನೊಬ್ಬ ಗ್ಲಾಸಿನೊಳಕ್ಕೆ ಮೂಗು ತೂರಿಸಿ ಉಸಿರೆಳೆಯುತ್ತಾನೆ; ಯುನೆಸ್ಕೋ ಕಡತದಲ್ಲಿ ಇಬ್ಬರೂ ಸಾಧಕರೇ.

ಬೆಲ್ಜಿಯಂನವರು ಈ ಸರ್ಟಿಫಿಕೇಟು ಬರುವ ಮೊದಲೂ ಕುಡಿಯುತ್ತಿದ್ದರು, ಬಂದ ಮೇಲೂ ಕುಡಿದರು. ನಿಜವಾದ ಲಾಭವಾದದ್ದು ಕಡಲಾಚೆಯ ಇಂಗ್ಲಿಷರಿಗೆ. ಅಲ್ಲಿಯವರೆಗೆ ಕುಡಿಯಲು ಹಡಗು ಹತ್ತುತ್ತಿದ್ದವರು ಅಲ್ಲಿಂದಾಚೆಗೆ ಪರಂಪರೆಯ ಅಧ್ಯಯನಕ್ಕೆ ಹತ್ತತೊಡಗಿದರು.

ಹಳೆಯ ಕಾಲದ ಯಾತ್ರೆಗೆ ಇಷ್ಟು ನಾಜೂಕು ಇರಲಿಲ್ಲ. 1993ರ ಜನವರಿ 1ರಂದು ಯುರೋಪಿನ ಏಕ ಮಾರುಕಟ್ಟೆ ಜಾರಿಗೆ ಬಂದಾಗ, ಆಚೆ ದಡದಲ್ಲಿ ತೆರಿಗೆ ಕೊಟ್ಟು ಕೊಂಡ ಮದ್ಯವನ್ನು ಸ್ವಂತ ಬಳಕೆಗೆ ಎಷ್ಟು ಬೇಕಾದರೂ ತರಬಹುದು ಎಂದಾಯಿತು. ಬ್ರಿಟನ್ನಿನ ಬಿಯರ್ ಸುಂಕ ಫ್ರಾನ್ಸಿನ ಸುಂಕದ ಹಲವು ಪಟ್ಟು. ಲೆಕ್ಕ ಬಲ್ಲವರು ಬಿಳಿ ವ್ಯಾನು ಬಾಡಿಗೆಗೆ ಹಿಡಿದು, ಡೋವರಿನಲ್ಲಿ ಫೆರಿ ಹತ್ತಿ, ಕ್ಯಾಲೆಯ ಗೋದಾಮುಗಳಲ್ಲಿ ಟೈರು ಅಪ್ಪಚ್ಚಿಯಾಗುವಷ್ಟು ಕ್ರೇಟು ತುಂಬಿಸಿಕೊಂಡು ಸಂಜೆಯೊಳಗೆ ಮನೆ ಸೇರುತ್ತಿದ್ದರು. 110 ಲೀಟರ್ ದಾಟಿದ ಬಿಯರ್ ಕಂಡರೆ ಕಸ್ಟಮ್ಸಿನವರು ಅಡ್ಡ ಹಾಕಿ, ‘ಇಷ್ಟೂ ನಿಮಗೇನಾ?’ ಎಂದು ಕೇಳಬಹುದಿತ್ತು. ಉತ್ತರ ಬಾಯಲ್ಲೇ ಇರುತ್ತಿತ್ತು: ಮಗಳ ಮದುವೆ. ಆ ದಶಕದಲ್ಲಿ ಡೋವರ್ ಬಂದರಿನಲ್ಲಿ ನಡೆದಷ್ಟು ಮದುವೆ ಇಂಗ್ಲೆಂಡಿನ ಚರ್ಚುಗಳಲ್ಲಿ ನಡೆದಿರಲಾರದು. ಕೆಲವು ಹೆಣ್ಣುಮಕ್ಕಳಂತೂ ತಿಂಗಳಿಗೊಮ್ಮೆ ಮದುವೆಯಾದರು, ಪಾಪ, ಅವರಿಗೇ ಗೊತ್ತಿಲ್ಲದ ಹಾಗೆ.

ಸುಳ್ಳೇನೋ ಸುಳ್ಳೇ. ಆದರೆ ಆ ಸುಳ್ಳನ್ನು ವ್ಯಾನಿನವನು ಸರ್ಕಾರಕ್ಕೆ ಮಾತ್ರ ಹೇಳುತ್ತಿದ್ದ. ಅಗ್ಗಕ್ಕೆ ಸಿಗುತ್ತದೆ, ಅದಕ್ಕೇ ಹೋಗಿದ್ದೆ ಎಂದು ಹೆಂಡತಿಗೂ ಪಕ್ಕದ ಮನೆಯವನಿಗೂ ಎದೆ ತಟ್ಟಿ ಹೇಳುವ ಧೈರ್ಯ ಅವನಿಗಿತ್ತು.

ಈಗ ಹಡಗು ಹತ್ತುವವನು ಅವನ ಮಗ. ಒಪ್ಪವಾಗಿ ಕತ್ತರಿಸಿದ ಗಡ್ಡ, ಜೇಬಿನಲ್ಲಿ ಪುಟ್ಟ ನೋಟ್‌ಬುಕ್ಕು. ಇವನು ‘ಕುಡಿಯೋಣ’ ಎನ್ನುವುದಿಲ್ಲ, ‘ಟೇಸ್ಟಿಂಗ್’ ಎನ್ನುತ್ತಾನೆ. ಬ್ರಸೆಲ್ಸಿನಲ್ಲಿ ಕಾಂಟಿಯೋನ್ ಎಂಬ ಹಳೆಯ ಬ್ರುವರಿಯಿದೆ, 1900ರಲ್ಲಿ ಶುರುವಾದದ್ದು. ಅಲ್ಲಿ ಕುದಿಸಿದ ಧಾನ್ಯದ ರಸವನ್ನು ಮಾಳಿಗೆಯ ಅಗಲವಾದ ತಾಮ್ರದ ತೊಟ್ಟಿಗೆ ಸುರಿದು ರಾತ್ರಿಯಿಡೀ ತೆರೆದಿಡುತ್ತಾರೆ. ಗಾಳಿಯಲ್ಲಿ ತೇಲಿ ಬಂದ ಕಾಡು ಯೀಸ್ಟು ಅದನ್ನು ಹುದುಗಿಸಬೇಕು. ಆಮೇಲೆ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ನಿದ್ದೆ. ಜೇಡರ ಬಲೆಯನ್ನು ಗುಡಿಸುವುದಿಲ್ಲ, ನೊಣ ಹಿಡಿಯಲು ಬೇಕು. ಬಿಯರಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಅಷ್ಟು ತಾಳ್ಮೆಯಿಂದ ಮಾಡಿದ್ದು ಚೆನ್ನಾಗಿಯೇ ಇರುತ್ತದೆ. ತಕರಾರು ಅದರ ಭಕ್ತರ ಬಗ್ಗೆ. ಈ ಹುಳಿ ಬಿಯರಿನಲ್ಲಿ ಅವರು ಕುದುರೆಯ ಬೆನ್ನಿಗೆ ಹೊದಿಸುವ ಕಂಬಳಿಯ ವಾಸನೆಯನ್ನು ಗುರುತಿಸಿ ಕಣ್ಣು ಮುಚ್ಚುತ್ತಾರೆ. ಹೊಗಳಿಕೆಗೆ ಬಳಸುವ ಮಾತೇ ಅದು. ಮನೆಯಲ್ಲಿ ಹಾಲು ಒಂದು ಚೂರು ಹುಳಿ ಬಂದರೆ ಮನೆಯವರನ್ನೆಲ್ಲ ಕೂಗಿ ಕರೆಯುವ ಗಂಡಸು ಇಲ್ಲಿ ದುಡ್ಡು ಕೊಟ್ಟು ಕುದುರೆ ಕಂಬಳಿ ಮೂಸುತ್ತಾನೆ.

ಇನ್ನೊಂದು ವಿಶೇಷ ನೋಡಿ. ಬಿಯರ್ ಪರಂಪರೆಯಾದ ಅದೇ 2016ರ ಜೂನ್ 23ರಂದು ಬ್ರಿಟನ್ನು ಯುರೋಪಿನ ಸಹವಾಸವೇ ಬೇಡವೆಂದು ಮತ ಹಾಕಿತು. 2021 ಬರುವ ಹೊತ್ತಿಗೆ ಸಂಬಂಧ ಪೂರ್ತಿ ಹರಿಯಿತು. ಎಷ್ಟು ಬೇಕಾದರೂ ಎಂಬ ಕಾಲ ಹೋಗಿ ತಲೆಗೆ 42 ಲೀಟರ್ ಬಿಯರ್ ಎಂಬ ಕಾಲ ಬಂತು. ಚಿಕ್ಕ ಬಾಟಲಿ ಲೆಕ್ಕದಲ್ಲಿ 127. ಒಂದು ಬಾಟಲಿ ಹೆಚ್ಚಾದರೆ ಆ ಒಂದಕ್ಕಲ್ಲ, ಅಷ್ಟಕ್ಕೂ ಸುಂಕ. ಇದರ ಜತೆಗೆ ಹಡಗಿನಲ್ಲಿ ಡ್ಯೂಟಿ-ಫ್ರೀ ಅಂಗಡಿ ಮರಳಿ ಬಂತು. 1999ರಲ್ಲಿ ಯುರೋಪು ಕಿತ್ತುಕೊಂಡದ್ದನ್ನು ನಾವು ಮರಳಿ ಕೊಡಿಸಿದೆವು ಎಂದು ಸರ್ಕಾರ ಬೆನ್ನು ತಟ್ಟಿಕೊಂಡಿತು. 2021ರ ಜನವರಿಯಲ್ಲಿ ನೆದರ್ಲೆಂಡಿನ ಬಂದರಿನಲ್ಲಿ ಬ್ರಿಟನ್ನಿನಿಂದ ಇಳಿದ ಲಾರಿ ಡ್ರೈವರುಗಳ ಮಾಂಸದ ಸ್ಯಾಂಡ್‌ವಿಚ್ಚನ್ನು ಕಸ್ಟಮ್ಸಿನವರು ಕಿತ್ತುಕೊಳ್ಳುವ ದೃಶ್ಯ ಟಿವಿಯಲ್ಲಿ ಬಂತು. ಊಟ ಹೋಯಿತು, ಬಾಟಲಿ ಬಂತು. ಕುಡುಕನ ಸಂಸಾರದ ಬಜೆಟ್ಟು ಸಾಮಾನ್ಯವಾಗಿ ಹೀಗೇ ಇರುತ್ತದೆ.

ತಮಾಷೆಯೆಂದರೆ, ಇಂಗ್ಲೆಂಡಿನಿಂದ ಬೆಲ್ಜಿಯಂಗೆ ನೇರ ಪ್ರಯಾಣಿಕ ಫೆರಿಯೇ ಈಗ ಉಳಿದಿಲ್ಲ. ರಾಮ್ಸ್‌ಗೇಟಿನಿಂದ ಓಸ್ಟೆಂಡಿಗೆ ಇದ್ದದ್ದು 2013ರಲ್ಲಿ ನಿಂತಿತು. ಹಲ್ ಬಂದರಿನಿಂದ ಜೀಬ್ರುಗಕ್ಕೆ ರಾತ್ರಿಯಿಡೀ ಹಾಡು ಕುಣಿತದೊಂದಿಗೆ ಸಾಗುತ್ತಿದ್ದದ್ದು 2021 ಹುಟ್ಟುವ ಹೊತ್ತಿಗೆ ನಿಂತಿತು. ಹಾಗಾಗಿ ಬೆಲ್ಜಿಯಂ ಭಕ್ತರು ಡೋವರಿನಿಂದ ಫ್ರಾನ್ಸಿನ ಡಂಕರ್ಕಿಗೆ ಎರಡು ಗಂಟೆ ತೇಲಿ, ಅಲ್ಲಿಂದ ಕಾರಿನಲ್ಲಿ ಗಡಿ ದಾಟುತ್ತಾರೆ. ಫ್ರಾನ್ಸಿನ ಪೊಲೀಸರು ಪಾಸ್‌ಪೋರ್ಟು ನೋಡುವುದು ಡೋವರಿನಲ್ಲೇ. ಸ್ವಂತ ನೆಲದ ಮೇಲೆ ಸಾಲಿನಲ್ಲಿ ನಿಂತು ಪರದೇಶದ ಪೊಲೀಸಿನ ಮುಂದೆ ಪಾಸ್‌ಪೋರ್ಟು ಚಾಚುವವನು, ನಮ್ಮ ಗಡಿ ನಮ್ಮ ಕೈಗೆ ಬರಲಿ ಎಂದು ಮತ ಹಾಕಿದ್ದವನೇ. ಹಡಗು ಕದಲುತ್ತಲೇ ಬಾರಿಗೆ ಧಾವಿಸಿ ಒಂದು ಸ್ಟೆಲ್ಲಾ ಬಿಯರ್ ಹಿಡಿಯುತ್ತಾನೆ, ಬೆಲ್ಜಿಯಂ ಮೂಡು ಬರಲೆಂದು. ಬ್ರಿಟನ್ನಿನಲ್ಲಿ ಮಾರುವ ಸ್ಟೆಲ್ಲಾ ತಯಾರಾಗುವುದು ಬ್ರಿಟನ್ನಿನಲ್ಲೇ. ಸುಂಕದ ಲೆಕ್ಕ ನೋಡಿಕೊಂಡು 2012ರಲ್ಲಿ ಅದರ ಅಮಲನ್ನೂ ಶೇ. 4.8ಕ್ಕೆ ಇಳಿಸಿದ್ದರು.

ಬೆಲ್ಜಿಯಂನ ಗೆಂಟ್ ಊರಿನ ಹಳೆಯ ಸಂತೆ ಚೌಕದಲ್ಲಿ ಡುಲ್ಲೆ ಗ್ರೀಟ್ ಎಂಬ ಪಬ್ಬಿದೆ. ಅಲ್ಲಿ ಲೀಟರಿಗೂ ಹೆಚ್ಚು ಹಿಡಿಯುವ ಉದ್ದದ ಗ್ಲಾಸೊಂದನ್ನು ಮರದ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೊಡುತ್ತಾರೆ. ಗ್ಲಾಸು ಚಂದ, ಕದಿಯುವವರು ಜಾಸ್ತಿ. ಅದಕ್ಕೆ ಅಡವು: ಒಂದು ಕಾಲಿನ ಶೂ. ಬಿಚ್ಚಿ ಕೊಟ್ಟರೆ ಬುಟ್ಟಿಗೆ ಹಾಕಿ, ಹಗ್ಗ ಎಳೆದು, ಬುಟ್ಟಿಯನ್ನು ಚಾವಣಿಗೆ ಏರಿಸಿಬಿಡುತ್ತಾರೆ. ಲಂಡನ್ನಿನ ಆಫೀಸಿನಲ್ಲಿ ಮೀಟಿಂಗಿಗೆ ಐದು ನಿಮಿಷ ತಡವಾದರೆ ಕೆಳಗಿನವರ ಮೇಲೆ ಹರಿಹಾಯುವ ಮ್ಯಾನೇಜರ್ ಸಾಹೇಬರು ಇಲ್ಲಿ ತೂತು ಬಿದ್ದ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಚಾಚಿಕೊಂಡು, ಒಂದೇ ಕಾಲಿನಲ್ಲಿ ಕುಂಟುತ್ತ ಶೌಚಾಲಯಕ್ಕೆ ಹೋಗಿಬರುತ್ತಾರೆ. ಮುಖದಲ್ಲಿ ಮಾತ್ರ ಮ್ಯೂಸಿಯಂ ನೋಡಿದ ಗಾಂಭೀರ್ಯ.

ಇನ್ನು ಯಾತ್ರೆಯ ಮೂಲಸ್ಥಾನ, ವೆಸ್ಟ್‌ಫ್ಲೇಟರನ್ ಎಂಬ ಹಳ್ಳಿಯ ಸೇಂಟ್ ಸಿಕ್ಸ್ಟಸ್ ಮಠ. ಟ್ರ್ಯಾಪಿಸ್ಟ್ ಸನ್ಯಾಸಿಗಳು ಅಲ್ಲಿ ಬಿಯರ್ ಮಾಡುತ್ತಾರೆ. ಬಾಟಲಿಗೆ ಬಹುಕಾಲ ಲೇಬಲ್ಲೇ ಇರಲಿಲ್ಲ. ಹಳದಿ ಮುಚ್ಚಳವೆಂದರೆ ಶೇ. 10.2ರ ಕಪ್ಪು ಬಿಯರ್ ಎಂದು ಬಲ್ಲವರು ಬಲ್ಲರು. 2005ರಲ್ಲಿ ಯಾರೋ ಅದನ್ನು ಜಗತ್ತಿನಲ್ಲೇ ಶ್ರೇಷ್ಠ ಎಂದು ಸಾರಿದ್ದೇ ತಡ, ಹಳ್ಳಿಯ ದಾರಿಯಲ್ಲಿ ಕಾರುಗಳ ಸಾಲು ನಿಂತಿತು. ನಮ್ಮಲ್ಲಾಗಿದ್ದರೆ ಮರುವರ್ಷವೇ ಶಾಖಾಮಠ, ಇಂಜಿನಿಯರಿಂಗ್ ಕಾಲೇಜು ಎದ್ದಿರುತ್ತಿದ್ದವು. ಇವರು ಉತ್ಪಾದನೆ ಹೆಚ್ಚಿಸಲು ಒಪ್ಪಲೇ ಇಲ್ಲ. ಮೊದಲೇ ಬುಕ್ ಮಾಡಿ, ಗಾಡಿಯ ನಂಬರು ಕೊಡಿ, ಬಂದು ಒಯ್ಯಿರಿ, ಇನ್ನೊಬ್ಬರಿಗೆ ಮಾರಬೇಡಿ ಎಂದರು. ಹೊಟ್ಟೆಪಾಡಿಗೆ ಎಷ್ಟು ಬೇಕೋ ಅಷ್ಟೇ. 2018ರಲ್ಲಿ ನೆದರ್ಲೆಂಡಿನ ಒಂದು ಸೂಪರ್‌ಮಾರ್ಕೆಟ್ ಅದೇ ಬಿಯರನ್ನು ಹೇಗೋ ಸಂಪಾದಿಸಿ ಬಾಟಲಿಗೆ ಸುಮಾರು 10 ಯೂರೋದಂತೆ ಮಾರಿದಾಗ ಸನ್ಯಾಸಿಗಳು ನೊಂದುಕೊಂಡರು. ಕುಡಿತಕ್ಕೆ ನೆಪ ಹೇಳದವರು ಈ ಇಡೀ ವ್ಯವಹಾರದಲ್ಲಿ ಅವರೊಬ್ಬರೇ. ಅಧ್ಯಾತ್ಮ, ಮೌನ, ಪರಂಪರೆ ಎಂದೆಲ್ಲ ಉದ್ಗರಿಸುವವನು ಡಿಕ್ಕಿಯಲ್ಲಿ ಕ್ರೇಟು ಜೋಡಿಸುತ್ತಿರುವ ಗಿರಾಕಿ. ವಾಪಸು ಹೋಗುವಾಗ ಸಾಲದೆಂದು ನಾಲ್ಕು ಡಜನ್ ಲೆಫ್ ಬಿಯರ್ ಕೂಡ ಕೊಂಡುಕೊಳ್ಳುತ್ತಾನೆ. ಅದರ ಮೇಲೂ ಮಠದ ಚಿತ್ರವಿದೆಯಲ್ಲ. ಮಠಕ್ಕೆ ರಾಯಧನ ಸಲ್ಲುತ್ತದೆ, ಬಿಯರ್ ಮಾತ್ರ ಲೂವೆನ್ನಿನ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಮತ್ತು ಇಂಗ್ಲೆಂಡಿನಲ್ಲಿ ಅವನ ಮನೆಯ ತಿರುವಿನ ಅಂಗಡಿಯಲ್ಲೂ ಸಿಗುತ್ತದೆ.

ಈ ಭಕ್ತಮಂಡಲಿಯಲ್ಲಿ ನಮ್ಮವರೂ ಇದ್ದಾರೆ. ಇಂಗ್ಲೆಂಡಿನ ರೆಡಿಂಗಿನಲ್ಲಿ ಕೋಡಿಂಗ್ ಮಾಡುವ ಮೈಸೂರಿನ ಹುಡುಗನೊಬ್ಬನನ್ನು ಬಲ್ಲೆ. ಸಹೋದ್ಯೋಗಿಗಳು ಪಾಸ್‌ಪೋರ್ಟು ಬೀಸಿಕೊಂಡು ಹೋಗಬಹುದು. ಇವನದು ನೀಲಿ ಪಾಸ್‌ಪೋರ್ಟಾದರೂ ಸಿಂಹಲಾಂಛನದ್ದು, ಷೆಂಗೆನ್ ವೀಸಾ ಬೇಕು. 90 ಯೂರೋ ಶುಲ್ಕ, ಬೆರಳಚ್ಚು, ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ಹೋಟೆಲ್ ರಸೀತಿ, 30,000 ಯೂರೋ ರಕ್ಷಣೆಯ ವಿಮೆ. ಐದು ಯೂರೋದ ಗ್ಲಾಸಿಗೆ ಮನೆ ಸಾಲಕ್ಕೆ ಬೇಕಾಗುವಷ್ಟು ಕಾಗದ. ಪ್ರಯಾಣದ ಉದ್ದೇಶ ಎಂಬ ಕಡೆ ‘ಪ್ರವಾಸ’ ಎಂದು ತುಂಬಿದ. ಊರಿಗೆ ಫೋನು ಮಾಡಿದಾಗ ಅಷ್ಟಕ್ಕೇ ಬಿಡುವುದಿಲ್ಲವಲ್ಲ.

‘ಎಲ್ಲಿಗೋ ಹೋಗಿದ್ಯಂತೆ?’

‘ಬೆಲ್ಜಿಯಂಗಮ್ಮ. ಒಂದು ಮಠ ಇದೆ.’

‘ಅಲ್ಲೂ ಮಠ ಇದ್ಯಾ!’

‘ಹೂಂ. ಬೆಳಗಿನ ಜಾವಕ್ಕೇ ಎದ್ದು ಪ್ರಾರ್ಥನೆ ಮಾಡ್ತಾರೆ. ಜಾಸ್ತಿ ಮಾತೇ ಆಡಲ್ಲ.’

‘ಒಳ್ಳೇದಾಯ್ತು ಬಿಡು. ಹುಂಡಿಗೆ ಏನಾದ್ರೂ ಹಾಕಿದ್ಯೇನೋ?’

‘ಹಾಕ್ದೆನಮ್ಮ. ಜಾಸ್ತೀನೇ ಹಾಕ್ದೆ.’

ಅವನ ತಂದೆ ಅಬಕಾರಿ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಪೇಪರು ಮಡಿಸಿಟ್ಟು ಫೋನು ಇಸಿದುಕೊಂಡರು, ಜಗಲಿಗೆ ಬಂದರು.

‘ತಲೆಗೆ ಎಷ್ಟು ಲೀಟರ್ ಬಿಡ್ತಾರೋ?’

‘…ನಲವತ್ತೆರಡು, ಅಪ್ಪ.’

‘ಬಾಟ್ಲಿ ಎಣಿಸ್ತಾರಾ, ಇಲ್ಲ ಬರೀ ಬಾಯಲ್ಲಿ ಕೇಳಿ ಬಿಟ್ಟುಬಿಡ್ತಾರಾ?’